ಇಳಿವಯಸ್ಸಿನ ಊಟ

ಮದುವೆಮನೆಯಲ್ಲಿ ನೆಲದ ಮೇಲಿನ ಪಂಕ್ತಿ ಮುಗಿದು ಎಲ್ಲರೂ ಏಳುವ ಹೊತ್ತನ್ನು ನೀವು ಎಂದಾದರೂ ಲಕ್ಷ್ಯಗೊಟ್ಟು ನೋಡಿರುವಿರಾ? ಹುಡುಗರು ಎಂಜಲುಗೈಯಲ್ಲಿಯೇ ಚಂಗನೆ ಎದ್ದುಬಿಡುತ್ತಾರೆ. ನಡುವಯಸ್ಸಿನವರು ಒಂದು ಕೈಯನ್ನು ಮೊಣಕಾಲಿಗೆ ಊರುತ್ತಾರೆ. ಅರವತ್ತೈದು ಎಪ್ಪತ್ತು ದಾಟಿದವರು ಒಂದು ಮಗ್ಗಲಿಗೆ ವಾಲಿ, ಅಂಗೈಯನ್ನು ನೆಲಕ್ಕೆ ಒತ್ತಿ, ಗೋಡೆಯನ್ನೋ ಮೊಮ್ಮಗನ ಹೆಗಲನ್ನೋ ಹುಡುಕುತ್ತಾರೆ. ಎದ್ದ ಮೇಲೆ, “ಮೊಣಕಾಲು ಹಿಡದಾವ ನೋಡ್ರಿ” ಎಂದು ನಗುತ್ತಾರೆ. ಮೊಣಕಾಲಿನ ಕೀಲು ಸವೆಯುವದು ಸುಳ್ಳಲ್ಲ. ಆದರೆ ಎಷ್ಟೋ ಸಲ ಕೈಕೊಟ್ಟಿರುವದು ಕೀಲಲ್ಲ, ಅದರ ಮೇಲಿನ ತೊಡೆಯ ಸ್ನಾಯು. ಮೈಭಾರವನ್ನು ನೆಲದಿಂದ ಎತ್ತುವ ಕೆಲಸ ಅದರದು.

ನನ್ನ ಸೋದರತ್ತೆಯವರು ರಾಮದುರ್ಗದವರು. ನೇಕಾರರ ಮನೆತನ. ಪ್ರಾಯದಲ್ಲಿ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತಿ, ಮಲಪ್ರಭೆಯಿಂದ ಕೊಡ ಹೊತ್ತು, ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ನಡೆದೇ ಹೋಗಿ ಬಂದವರು. ಈಗ ಎಪ್ಪತ್ತರ ಮೇಲಾಗಿದೆ. ಹಿಂದಿನ ವರ್ಷ ಅವರಿಗೆ ಜ್ವರ ಬಂದು ಹತ್ತು ಹನ್ನೆರಡು ದಿನ ಹಾಸಿಗೆ ಹಿಡಿದರು. ಜ್ವರವೇನೋ ಬಿಟ್ಟಿತು. ಆದರೆ ಬಚ್ಚಲಿಗೆ ಹೋಗುವ ಎರಡು ಮೆಟ್ಟಿಲು ಇಳಿಯುವದು ಅವರಿಂದ ಆಗದಾಯಿತು. ನಾನು ನೋಡಹೋದಾಗ ಅವರ ತಾಟಿನಲ್ಲಿ ಮೆತ್ತಗೆ ಬೆಂದ ಅನ್ನ, ಅದರ ಮೇಲೆ ತಿಳಿಸಾರು, ಇಷ್ಟೇ ಇತ್ತು.

“ಅತ್ತೀ, ರೊಟ್ಟಿ, ಕಾಳುಪಲ್ಯ ಯಾಕ ಬಿಟ್ರಿ?” ಎಂದೆ.

“ಹಲ್ಲಿಲ್ಲೋ ತಮ್ಮಾ. ಇನ್ನ ಈ ವಯಸ್ಸಿನ್ಯಾಗ ನಾ ಏನ ಹೊಲಾ ಹೊಡೀಬೇಕಾಗೇತಿ? ಒಂದು ತುತ್ತು ಅನ್ನಾ ಸಾರು ಸಾಕು” ಎಂದರು. ಸೊಸೆಯು, “ಹಗುರ ಊಟಾನ ಛಲೋ ಅಲ್ಲರಿ?” ಎಂದಳು. ಅವಳ ಮಾತಿನಲ್ಲಿ ಜಿಪುಣತನವಿರಲಿಲ್ಲ, ಪ್ರೀತಿಯೇ ಇತ್ತು. ಹುಬ್ಬಳ್ಳಿಯಲ್ಲಿರುವ ಮಗನು ಅವ್ವನ ಸಲುವಾಗಿ ದೊಡ್ಡ ಬೆಲೆ ಕೊಟ್ಟು ಒಂದು ಪುಡಿಯ ಡಬ್ಬಿಯನ್ನು ಕಳಿಸಿದ್ದನು. ಅದು ದೇವರ ಮಾಡದ ಪಕ್ಕದಲ್ಲಿ, ಒಡೆಯದೆ, ಕುಳಿತಿತ್ತು.

ಮುದುಕರಿಗೆ ಊಟ ಕಡಿಮೆ ಸಾಕು ಎಂಬುದು ನಮ್ಮಲ್ಲಿ ಬಹು ದಿನಗಳಿಂದ ಬಂದ ನಂಬಿಕೆ. ಅದರಲ್ಲಿ ಅರ್ಧ ಮಾತು ನಿಜ. ದುಡಿಮೆ ಇಳಿದಂತೆ ಮೈಗೆ ಬೇಕಾಗುವ ಕಾವು ಕಡಿಮೆಯಾಗುತ್ತದೆ. ಆದುದರಿಂದ ಅನ್ನ, ಬೆಲ್ಲ, ಎಣ್ಣೆ ಕಡಿಮೆಯಾದರೂ ನಡೆದೀತು. ಆದರೆ ಸಸಾರಜನಕದ ಮಾತು, ಈಗ ಎಲ್ಲರೂ ಪ್ರೋಟೀನು ಎನ್ನುವ ಪದಾರ್ಥದ ಮಾತು, ಇದಕ್ಕೆ ತೀರ ವಿರುದ್ಧವಾಗಿದೆ. ಅದು ಮುಪ್ಪಿನಲ್ಲಿ ಕಡಿಮೆ ಬೇಕಾಗುವದಿಲ್ಲ, ಹೆಚ್ಚು ಬೇಕಾಗುತ್ತದೆ. ನಾವು ಕೈಹಿಡಿಯಬೇಕಾದ ಕಾಲದಲ್ಲಿಯೇ ಕೈಬಿಡುತ್ತಿದ್ದೇವೆ. ಇದು ಹೇಗೆಂಬುದನ್ನು ಕೊಂಚ ಬಿಡಿಸಿ ನೋಡೋಣ.

ನಮ್ಮ ಸ್ನಾಯುವನ್ನು ಒಮ್ಮೆ ಕಟ್ಟಿ ಮುಗಿಸಿದ ಗೋಡೆಯೆಂದು ತಿಳಿಯಬೇಡಿರಿ. ಮಗ್ಗದ ಮೇಲಿನ ಅರಿವೆ ಎಂದು ತಿಳಿಯಿರಿ. ಅದೂ ಒಂದು ಕಡೆಯಿಂದ ನೇಯುತ್ತಿದ್ದಂತೆಯೇ ಇನ್ನೊಂದು ಕಡೆಯಿಂದ ಬಿಚ್ಚುತ್ತಿರುವ ಅರಿವೆ. ಬೆಳೆದ ಮನುಷ್ಯನ ಮೈಯಲ್ಲಿ ದಿನವೊಂದಕ್ಕೆ ಸುಮಾರು 250ರಿಂದ 300 ಗ್ರಾಂ ಪ್ರೋಟೀನು ಬಿಚ್ಚಿ ಮತ್ತೆ ನೇಯಲ್ಪಡುತ್ತದೆ. ಬಿಚ್ಚಿದ ನೂಲಿನಲ್ಲಿ ಬಹುಪಾಲು ಮತ್ತೆ ಉಪಯೋಗಕ್ಕೆ ಬರುತ್ತದೆ. ಒಂದಿಷ್ಟು ಹಾಳಾಗಿ, ಅದರಲ್ಲಿಯ ಸಾರಜನಕವು ಮೂತ್ರದ ದಾರಿಯಿಂದ ಹೊರಗೆ ಹೋಗುತ್ತದೆ. ಹೀಗೆ ಹೋದದ್ದನ್ನು ಊಟದಿಂದ ತುಂಬಿಕೊಡಬೇಕು. ನೇಯ್ಗೆಯೂ ಬಿಚ್ಚುವಿಕೆಯೂ ಸಮವಾಗಿದ್ದರೆ ಅರಿವೆ ಇದ್ದಷ್ಟೇ ಇರುವದು. ಬಿಚ್ಚುವದು ತುಸುವೇ ಹೆಚ್ಚಾದರೂ ದಿನದಲ್ಲಿ ಕಾಣಿಸದು, ವರ್ಷದಲ್ಲಿ ಕಾಣಿಸುವದು. ಐವತ್ತರ ಆಚೆಗೆ ಸ್ನಾಯುವು ವರ್ಷಕ್ಕೆ ನೂರರಲ್ಲಿ ಹೆಚ್ಚುಕಡಿಮೆ ಒಂದು ಪಾಲಿನಂತೆ ಇಳಿಯುತ್ತದೆ. ಬಲವು ಅದಕ್ಕಿಂತ ಬೇಗನೆ ಇಳಿಯುತ್ತದೆ. ಈ ಸವೆತಕ್ಕೆ ಅಮೇರಿಕೆಯ ವೈದ್ಯ ಇರ್ವಿನ್ ರೋಸೆನ್‌ಬರ್ಗ್ ಎಂಬವರು 1989ರಲ್ಲಿ ‘ಸಾರ್ಕೋಪೀನಿಯ’ ಎಂದು ಹೆಸರಿಟ್ಟರು. ಗ್ರೀಕ ಭಾಷೆಯಲ್ಲಿ ಮಾಂಸದ ಬಡತನ ಎಂದು ಅದರ ಅರ್ಥ. ಹೆಸರು ಹೊಸದು, ಗೋಡೆ ಹಿಡಿದು ಏಳುವದು ಹಳೆಯದು.

ಈ ನೇಯ್ಗೆಯ ನೂಲುಗಳೇ ಅಮೈನೋ ಆಮ್ಲಗಳು. ಇಪ್ಪತ್ತು ಬಗೆಯವು ಉಂಟು. ಹನ್ನೊಂದನ್ನು ಮೈಯೇ ಸಿದ್ಧಪಡಿಸಿಕೊಳ್ಳಬಲ್ಲದು. ಉಳಿದ ಒಂಬತ್ತು ಊಟದಿಂದಲೇ ಬರತಕ್ಕವು. ಅಮೇರಿಕೆಯ ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ರೋಸ್ ಎಂಬ ವಿಜ್ಞಾನಿಯು 1935ರಲ್ಲಿ ಇವುಗಳಲ್ಲಿ ಕೊನೆಯದಾದ ತ್ರಿಯೋನೀನನ್ನು ಗುರುತಿಸಿ, ಮುಂದೆ ತನ್ನ ವಿದ್ಯಾರ್ಥಿಗಳಿಗೆ ಶುದ್ಧ ಅಮೈನೋ ಆಮ್ಲಗಳ ಊಟವನ್ನೇ ಇಕ್ಕಿ, ಯಾವುದನ್ನು ತೆಗೆದರೆ ಮೈ ಸೊರಗುತ್ತದೆಂದು ಒಂದೊಂದಾಗಿ ಪರೀಕ್ಷಿಸಿದನು. (ಆ ವಿದ್ಯಾರ್ಥಿಗಳ ನಾಲಿಗೆಯ ಪಾಡು ದೇವರಿಗೇ ಗೊತ್ತು!) ಇಳಕಲ್ಲ ಸೀರೆಯ ಸೆರಗಿಗೆ ಕೆಂಪು ನೂಲು ಮುಗಿಯಿತೆನ್ನಿರಿ. ಮಿಕ್ಕ ಬಣ್ಣದ ಲಡಿಗಳು ರಾಶಿ ಬಿದ್ದಿದ್ದರೂ ಮಗ್ಗ ನಿಲ್ಲುವದೇ ಸರಿ. ಪ್ರೋಟೀನಿನ ಮಾತೂ ಹಾಗೆಯೇ. ಒಂಬತ್ತರಲ್ಲಿ ಯಾವುದು ಎಲ್ಲಕ್ಕೂ ಕಡಿಮೆಯೋ ಅದೇ ಲೆಕ್ಕವನ್ನು ತೀರ್ಮಾನಿಸುವದು. ಈ ಸಂಗತಿಯನ್ನು ನೆನಪಿನಲ್ಲಿಡಿರಿ. ನಮ್ಮ ರೊಟ್ಟಿಯ ವಿಚಾರಕ್ಕೆ ಬಂದಾಗ ಬೇಕಾಗುವದು.

ಹಾಗಾದರೆ ಮುಪ್ಪಿನಲ್ಲಿ ಆಗುವದೇನು? ಮಗ್ಗವು ಮೊಂಡಾಗುತ್ತದೆ. ಹರೆಯದಲ್ಲಿ ಊಟವಾದೊಡನೆ ರಕ್ತದಲ್ಲಿ ಅಮೈನೋ ಆಮ್ಲಗಳು ಏರುತ್ತವೆ. ಅವುಗಳಲ್ಲಿ ಲ್ಯೂಸೀನ್ ಎಂಬುದು ಸ್ನಾಯುವಿನ ಕದ ತಟ್ಟಿ, “ಸಾಮಾನು ಬಂದಿದೆ, ಕೆಲಸಕ್ಕೆ ಹತ್ತಿರಿ” ಎಂದು ಕೂಗುವ ಆಳು. ಅದು ನೂಲೂ ಹೌದು, ಕೂಗೂ ಹೌದು. ತರುಣನ ಸ್ನಾಯುವಿಗೆ ಮೆಲ್ಲನೆಯ ಕೂಗು ಸಾಕು. ಮುದುಕರ ಸ್ನಾಯುವಿಗೆ ಕಿವಿ ಮಂದ, ಗಟ್ಟಿಯಾಗಿ ಕೂಗಬೇಕು. 2006ರಲ್ಲಿ ಅಮೇರಿಕೆಯ ಟೆಕ್ಸಾಸಿನಲ್ಲಿ ಇದನ್ನು ಚೊಕ್ಕವಾಗಿ ತೋರಿಸಿದರು. ತರುಣರಿಗೂ ವೃದ್ಧರಿಗೂ 6.7 ಗ್ರಾಂ ಅಗತ್ಯದ ಅಮೈನೋ ಆಮ್ಲಗಳನ್ನು ಕುಡಿಸಲಾಯಿತು. ಅದರಲ್ಲಿ ಲ್ಯೂಸೀನಿನ ಪಾಲು ನೂರಕ್ಕೆ 26 ಇದ್ದಾಗ ತರುಣರ ಸ್ನಾಯು ನೇಯಲು ಹತ್ತಿತು, ವೃದ್ಧರದು ಮಿಸುಕಲಿಲ್ಲ. ಪಾಲನ್ನು 41ಕ್ಕೆ ಏರಿಸಿದಾಗ ವೃದ್ಧರ ಸ್ನಾಯುವೂ ಎಚ್ಚತ್ತಿತು. ಮಗ್ಗ ಮುರಿದಿಲ್ಲ, ಮೊಂಡಾಗಿದೆಯಷ್ಟೇ ಎಂಬುದಕ್ಕೆ ಇದು ಸಾಕ್ಷಿ.

ಇದಲ್ಲದೆ, ವಯಸ್ಸಾದಂತೆ ಊಟದಿಂದ ಬಂದ ಅಮೈನೋ ಆಮ್ಲಗಳಲ್ಲಿ ಹೆಚ್ಚು ಪಾಲನ್ನು ಕರುಳೂ ಯಕೃತ್ತೂ ದಾರಿಯಲ್ಲಿಯೇ ಹಿಡಿದುಕೊಳ್ಳುತ್ತವೆ. ಕಾಲಿನ ಸ್ನಾಯುವಿಗೆ ಮುಟ್ಟುವದು ಉಳಿದದ್ದು. ಹಸಿವೆಯೂ ಮಂದವಾಗುವದು. ಮೇಲೊಂದು ಜಡ್ಡು ಬಂದರಂತೂ ಕೇಳುವದೇ ಬೇಡ. ಗಾಯ ಮಾಯಬೇಕಾದರೆ, ರೋಗದೊಡನೆ ಹೋರಾಡಬೇಕಾದರೆ, ಬೇಕಾಗುವ ಸಾಮಾನನ್ನು ಮೈಯು ಸ್ನಾಯುವನ್ನು ಬಿಚ್ಚಿಯೇ ತೆಗೆಯುತ್ತದೆ. ಸ್ನಾಯುವು ನಡೆಯುವ ಯಂತ್ರ ಮಾತ್ರವಲ್ಲ, ಬರಗಾಲದ ಹಗೆವೂ ಆಗಿದೆ. ಹಗೆವು ಬರಿದಾದ ಮನೆಗೆ ಸಣ್ಣ ಬರವೂ ದೊಡ್ಡದೇ.

ಬರಿಯ ಮಲಗುವಿಕೆಯಿಂದಲೇ ಎಷ್ಟು ಹೋಗುವದೆಂಬುದನ್ನು ಕೇಳಿದರೆ ಆಶ್ಚರ್ಯವಾಗುವದು. ಯಾವ ರೋಗವೂ ಇಲ್ಲದ, ಸರಾಸರಿ 67 ವಯಸ್ಸಿನ ಹನ್ನೆರಡು ಜನರನ್ನು ಹತ್ತು ದಿನ ಹಾಸಿಗೆಯಲ್ಲಿಯೇ ಇರಿಸಿ ಪರೀಕ್ಷಿಸಿದ ವರದಿಯೊಂದು 2007ರಲ್ಲಿ ಪ್ರಕಟವಾಯಿತು. ಅವರ ಕಾಲುಗಳಿಂದಲೇ ಸುಮಾರು ಒಂದು ಕಿಲೋದಷ್ಟು ಮಾಂಸ ಕರಗಿತ್ತು. ನನ್ನ ಅತ್ತೆಯವರು ಮಲಗಿದ್ದೂ ಅಷ್ಟೇ ದಿನ. ಜೊತೆಗೆ ಜ್ವರ, ಜೊತೆಗೆ ತಿಳಿಸಾರು. ಆ ಎರಡು ಮೆಟ್ಟಿಲು ಅಷ್ಟು ಆಳವಾದದ್ದು ಯಾಕೆಂಬುದು ಈಗ ನಿಮಗೆ ತಿಳಿದಿರಬೇಕು.

ಇನ್ನು ಎಷ್ಟು ಬೇಕೆಂಬ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2020ರಲ್ಲಿ ಹೇಳಿದಂತೆ ಬೆಳೆದವರಿಗೆ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಸಾಕು. ಆದರೆ 2013ರಲ್ಲಿ ಮುಪ್ಪಿನ ವೈದ್ಯಕ್ಕೆ ಸಂಬಂಧಿಸಿದ ತಜ್ಞರ ಮಂಡಳಿಯೊಂದು, ಅರವತ್ತೈದರ ಮೇಲಿನವರಿಗೆ ಅಷ್ಟು ಸಾಲದು, ಕಿಲೋಗೆ 1ರಿಂದ 1.2 ಗ್ರಾಂ ಇರಬೇಕು, ಜಡ್ಡಿನಿಂದ ಎದ್ದವರಿಗೆ 1.2ರಿಂದ 1.5 ಎಂದು ಸೂಚಿಸಿತು. ಐವತ್ತು ಕಿಲೋ ತೂಗುವ ಅಜ್ಜಿಗೆ, ಹಾಗಾದರೆ, ದಿನಕ್ಕೆ 50ರಿಂದ 60 ಗ್ರಾಂ. ಅದನ್ನು ಒಂದೇ ಹೊತ್ತಿನಲ್ಲಿ ತುಂಬಿದರೆ ಪೂರ್ತಿ ಪ್ರಯೋಜನವಾಗದು. ಮೊಂಡು ಮಗ್ಗವನ್ನು ಹೊತ್ತುಹೊತ್ತಿಗೂ ಎಬ್ಬಿಸಬೇಕಲ್ಲವೆ? ಹೊತ್ತಿಗೆ ಇಪ್ಪತ್ತು ಗ್ರಾಮಿನ ಆಸುಪಾಸು ಇದ್ದರೆ ಚೆನ್ನು. ‘ಒಪ್ಪತ್ತಿನ ಊಟ’ ಹಿಡಿದ ಹಿರಿಯರು ಈ ಕಾರಣಕ್ಕಾಗಿಯೇ ಎರಡು ಪಟ್ಟು ನಷ್ಟಕ್ಕೊಳಗಾಗುತ್ತಾರೆ. ಉಪವಾಸದ ದಿನ ಸಾಬೂದಾಣಿಯನ್ನೇ ನಂಬಿದವರ ಗತಿಯೂ ಅಷ್ಟೇ. ಸಾಬೂದಾಣಿಯಲ್ಲಿ ಪ್ರೋಟೀನು ಇಲ್ಲವೆಂದೇ ಹೇಳಬೇಕು. ಅದರಲ್ಲಿ ಶೇಂಗಾಪುಡಿ ಹಾಕುವ ಪದ್ಧತಿಯನ್ನು ತಂದ ಪುಣ್ಯಾತ್ಮಳು ಯಾರೋ, ಅವಳಿಗೆ ನಮಸ್ಕಾರ.

ಈಗ ರಾಮದುರ್ಗದ ತಾಟಿಗೆ ಬರೋಣ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ಸೀಮೆಯ ಊಟದ ಬುನಾದಿಯೇ ಜೋಳದ ರೊಟ್ಟಿ. ಜೋಳದಲ್ಲಿ ನೂರಕ್ಕೆ ಹತ್ತು ಪಾಲು ಪ್ರೋಟೀನು ಉಂಟು. ಅರವತ್ತು ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಆರು ಗ್ರಾಂ ಎನ್ನಿರಿ. ಆದರೆ ಆ ಪ್ರೋಟೀನಿನ ನೂಲುಗಳನ್ನು ಬಿಡಿಸಿ ನೋಡಿದರೆ ಒಂದು ವಿಚಿತ್ರ ಕಾಣುವದು. ಲೈಸೀನ್ ಎಂಬ ಅಮೈನೋ ಆಮ್ಲವು ಪ್ರೋಟೀನಿನ ನೂರು ಗ್ರಾಮಿನಲ್ಲಿ ನಾಲ್ಕೂವರೆ ಗ್ರಾಂ ಇರಬೇಕು. ಜೋಳದಲ್ಲಿರುವದು ಎರಡಕ್ಕಿಂತ ತುಸು ಮೇಲೆ, ಎಂದರೆ ಅರ್ಧ. ಲ್ಯೂಸೀನ್ ಆರರಷ್ಟಿದ್ದರೆ ಸಾಕು. ಜೋಳದಲ್ಲಿ ಹನ್ನೆರಡರಷ್ಟಿದೆ, ಎಂದರೆ ಇಮ್ಮಡಿ. ಕೆಂಪು ನೂಲು ಮುಗಿದು ಹಸುರು ನೂಲು ಒಟ್ಟಿದ ಮಗ್ಗದ ಮನೆ ಇದು.

ಮುದುಕರಿಗೆ ಲ್ಯೂಸೀನ್ ಬೇಕೆಂದು ಆಗಲೇ ಹೇಳಿದೆನಲ್ಲ. ಹಾಗಾದರೆ ಜೋಳವೇ ಅವರ ಅಮೃತವಲ್ಲವೆ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಕೊಡುವ ಒಂದು ಕಥೆ ನಮ್ಮ ದಖ್ಖಣದ್ದೇ ಇದೆ. ಪೆಲಾಗ್ರ ಎಂಬ ರೋಗ. ಬಿಸಿಲು ಬೀಳುವ ಕೈ, ಕಾಲು, ಕುತ್ತಿಗೆಯ ಚರ್ಮ ಕಪ್ಪಾಗಿ ಒಡೆಯುವದು, ಹೊಟ್ಟೆ ಕೆಡುವದು, ಕೊನೆಗೆ ಬುದ್ಧಿ ಭ್ರಮಿಸುವದು. ನಯಾಸಿನ್ ಎಂಬ ಜೀವಸತ್ವದ ಕೊರತೆಯಿಂದ ಇದು ಬರುತ್ತದೆ. ಅಮೇರಿಕೆಯ ದಕ್ಷಿಣ ಭಾಗದಲ್ಲಿ ಮೆಕ್ಕೆಜೋಳವನ್ನೇ ನೆಚ್ಚಿದ ಬಡವರಲ್ಲಿ ಇದು ಬಹಳ ಇತ್ತು. ಆದರೆ ನಮ್ಮ ದಖ್ಖಣದ ಪ್ರಸ್ಥಭೂಮಿಯಲ್ಲಿ ಜೋಳ ಉಣ್ಣುವವರಲ್ಲಿಯೂ ಇದು ಏಕೆ ಕಾಣುತ್ತಿದೆ ಎಂಬುದು ಬಹು ದಿನ ಒಗಟಾಗಿತ್ತು. ಮೆಕ್ಕೆಜೋಳದಲ್ಲಿ ನಯಾಸಿನ್ ಬಿಗಿದು ಕಟ್ಟಿದಂತಿದ್ದು ಮೈಗೆ ಹತ್ತುವದಿಲ್ಲ. ಜೋಳದಲ್ಲಿ ಆ ತೊಡಕು ಹಾಗೆ ಇರಲಿಲ್ಲ. ಹೈದರಾಬಾದಿನ ಆಹಾರ ಸಂಶೋಧನಾಲಯದಲ್ಲಿದ್ದ (ಅದೇ 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯೆಂದು ಹೆಸರಾಯಿತು) ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಇವರು 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಹೊಸ ವಿಚಾರವನ್ನು ಮಂಡಿಸಿದರು. ಜೋಳದಲ್ಲಿಯ ಮಿತಿಮೀರಿದ ಲ್ಯೂಸೀನೇ ನಯಾಸಿನ್ನಿನ ವ್ಯವಹಾರವನ್ನು ಕೆಡಿಸುತ್ತಿರಬಹುದು ಎಂದು ಅವರ ತರ್ಕ. ಈ ವಾದವನ್ನು ಮುಂದಿನ ಸಂಶೋಧಕರೆಲ್ಲರೂ ಪೂರ್ತಿಯಾಗಿ ಒಪ್ಪಲಿಲ್ಲ. ವಾದವಿವಾದ ಬಹುಕಾಲ ನಡೆಯಿತು. ಆದರೆ ಒಂದು ಎಚ್ಚರಿಕೆ ಮಾತ್ರ ಉಳಿಯಿತು. ಅಮೈನೋ ಆಮ್ಲಗಳು ಒಂದಕ್ಕೊಂದು ತಳಕು ಹಾಕಿಕೊಂಡ ಬಳಗ. ಒಬ್ಬನನ್ನೇ ಕರೆದು ಹೊಟ್ಟೆತುಂಬ ಉಣಿಸಿದರೆ ಮಿಕ್ಕವರು ಸುಮ್ಮನಿರುವರೆಂದು ಹೇಳಬರುವದಿಲ್ಲ.

ರೋಗವು ಬರಿಯ ಜೋಳವನ್ನು ಉಂಡ ಬಡವರನ್ನು ಹಿಡಿಯಿತೇ ಹೊರತು, ರೊಟ್ಟಿಯ ಮಗ್ಗಲಿಗೆ ಕಾಳುಪಲ್ಯವನ್ನೂ ಮೊಸರನ್ನೂ ಇಟ್ಟುಕೊಂಡವರನ್ನು ಹಿಡಿಯಲಿಲ್ಲ. ನಮ್ಮ ಹೆಣ್ಣುಮಕ್ಕಳು ಅಮೈನೋ ಆಮ್ಲದ ಹೆಸರನ್ನೇ ಕೇಳದೆ ಈ ಲೆಕ್ಕವನ್ನು ಬಿಡಿಸಿಟ್ಟಿದ್ದಾರೆ. ಮಡಿಕೆಕಾಳು, ಹೆಸರು, ಅಲಸಂದಿ, ತೊಗರಿ, ಕಡಲೆ, ಹುರಳಿ ಇವುಗಳ ಪ್ರೋಟೀನಿನಲ್ಲಿ ಲೈಸೀನ್ ನೂರಕ್ಕೆ ಆರು ಏಳರಷ್ಟು ಇರುತ್ತದೆ. ಇವುಗಳಿಗಿರುವ ಕೊರತೆ ಮೆಥಿಯೋನೀನ್ ಎಂಬುದರದು. ಅದನ್ನು ಜೋಳ ತುಂಬುತ್ತದೆ. ಒಬ್ಬರ ಸಾಲವನ್ನು ಒಬ್ಬರು ತೀರಿಸುವ ನೆರೆಹೊರೆ ಇದು. ಹಾಲು ಮೊಸರು ಬಂದರೆ ಎರಡಕ್ಕೂ ಬಲ. ಜೋಳಕ್ಕೆ ಇನ್ನೂ ಒಂದು ಕುಂದು ಉಂಟು: ಬೇಯಿಸಿದಾಗ ಅದರ ಪ್ರೋಟೀನು ಬಿಗಿದುಕೊಂಡು ಪಚನಕ್ಕೆ ತುಸು ಕಠಿಣವಾಗುತ್ತದೆ. ಹುಳಿಬರಿಸಿದರೆ ಆ ಬಿಗಿ ಸಡಿಲುವದು. ಹುಳಿ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿಯುವ ಮುದುಕರು ತಿಳಿದೋ ತಿಳಿಯದೆಯೋ ಒಳ್ಳೆಯದನ್ನೇ ಮಾಡಿದ್ದಾರೆ.

ಈಗ ಒಂದು ಮಧ್ಯಾಹ್ನದ ಊಟವನ್ನು ಕೂಡಿಸಿ ನೋಡಿರಿ. ಎರಡು ರೊಟ್ಟಿ, 12 ಗ್ರಾಂ ಪ್ರೋಟೀನು. ನಲವತ್ತು ಗ್ರಾಂ ಒಣ ಮಡಿಕೆಕಾಳಿನ ಪಲ್ಯ, 8 ಅಥವಾ 9. ಒಂದು ಬಟ್ಟಲು ಗಟ್ಟಿ ಮೊಸರು, 5. ಎಲ್ಲ ಸೇರಿ ಇಪ್ಪತ್ತೈದರ ಮೇಲಾಯಿತು. ಲ್ಯೂಸೀನಿನ ಲೆಕ್ಕ ಹಾಕಿದರೆ ರೊಟ್ಟಿಯಿಂದ ಒಂದೂ ಕಾಲು ಗ್ರಾಮಿನ ಮೇಲೆ, ಕಾಳಿನಿಂದ ಅರ್ಧ ಗ್ರಾಮಿನ ಮೇಲೆ, ಮೊಸರಿನಿಂದ ಅರ್ಧ, ಒಟ್ಟು ಎರಡೂವರೆ ಗ್ರಾಮಿನ ಸುಮಾರು. ಮುದುಕರ ಸ್ನಾಯುವನ್ನು ಎಬ್ಬಿಸಲು ಹೊತ್ತಿಗೆ ಎರಡೂವರೆಯಿಂದ ಮೂರು ಗ್ರಾಂ ಲ್ಯೂಸೀನ್ ಬೇಕೆಂದು ತಜ್ಞರು ಹೇಳುತ್ತಾರೆ. ಪಚನದಲ್ಲಿ ಸ್ವಲ್ಪ ಸೋರಿಹೋದರೂ ನಮ್ಮ ತಾಟು ಆ ಗೆರೆಯ ಹತ್ತಿರಕ್ಕೆ ಬಂದು ನಿಂತಿದೆ. ಇನ್ನು ಅತ್ತೆಯವರ ತಾಟು. ಅರವತ್ತು ಗ್ರಾಂ ಅಕ್ಕಿಯ ಅನ್ನ, ನಾಲ್ಕೂವರೆ ಗ್ರಾಂ ಪ್ರೋಟೀನು. ತಿಳಿಸಾರಿನಲ್ಲಿ ಮುಳುಗಿ ಹುಡುಕಿದರೆ ಒಂದೋ ಎರಡೋ ಗ್ರಾಂ. ಬೇಳೆಯೆಲ್ಲ ಪಾತ್ರೆಯ ತಳದಲ್ಲಿ ಮಕ್ಕಳ ಪಾಲಿಗೆ ಉಳಿದಿತ್ತು. ಲ್ಯೂಸೀನ್ ಅರ್ಧ ಗ್ರಾಂ. ಆ ಕೂಗು ಯಾವ ಕಿವಿಗೆ ಕೇಳಿಸಬೇಕು?

ನೆನಪಾಯಿತೆಂದು ಒಂದು ಮಾತು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕೇಂದ್ರ ಆಹಾರ ಸಂಶೋಧನಾಲಯದವರು ಆ ದಶಕದಲ್ಲಿಯೇ ಎಣ್ಣೆ ತೆಗೆದ ಶೇಂಗಾಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು ಬೆರೆಸಿ, ಜೀವಸತ್ವ ಮತ್ತು ಸುಣ್ಣದಂಶ ಕೂಡಿಸಿ, ‘ವಿವಿಧೋದ್ದೇಶ ಆಹಾರ’ ಎಂಬುದನ್ನು ಸಿದ್ಧಗೊಳಿಸಿದರು. ಆಗ ಎಲ್ಲರ ಕಣ್ಣೂ ಸೊರಗಿದ ಮಕ್ಕಳ ಮೇಲಿತ್ತು, ಅದು ನ್ಯಾಯವೇ. ಆದರೆ ಶೇಂಗಾ ಮತ್ತು ಕಡಲೆಯ ಆ ಜೋಡಿ ನಮ್ಮ ಅಜ್ಜ ಅಜ್ಜಿಯರಿಗೂ ಅಷ್ಟೇ ಸಲ್ಲತಕ್ಕದ್ದು. ಶೇಂಗಾಹಿಂಡಿ ಮತ್ತು ಪುಟಾಣಿಹಿಟ್ಟು ಇಲ್ಲದ ಮನೆ ನಮ್ಮ ಕಡೆಗೆ ಯಾವುದಿದೆ?

ಇನ್ನು ಆ ಡಬ್ಬಿಯ ವಿಚಾರ. ಅದನ್ನು ತೀರ ತಳ್ಳಿಹಾಕುವದು ಸರಿಯಲ್ಲ, ತಲೆಯ ಮೇಲೆ ಹೊತ್ತುಕೊಳ್ಳುವದೂ ಸರಿಯಲ್ಲ. ಲ್ಯೂಸೀನ್ ಒಂದನ್ನೇ ಕೊಟ್ಟು ನೋಡಿದ್ದಾರೆ. ನೆದರ್‌ಲ್ಯಾಂಡಿನಲ್ಲಿ ಆರೋಗ್ಯವಂತ ಮುದುಕರಿಗೆ ಮೂರು ಹೊತ್ತಿನ ಊಟದ ಜೊತೆಗೆ ಎರಡೂವರೆ ಗ್ರಾಮಿನಂತೆ ಮೂರು ತಿಂಗಳು ಲ್ಯೂಸೀನ್ ಕೊಡಲಾಯಿತು. 2009ರಲ್ಲಿ ಬಂದ ಫಲಿತಾಂಶ: ಸ್ನಾಯು ಬೆಳೆಯಲಿಲ್ಲ, ಬಲವೂ ಏರಲಿಲ್ಲ. ಒಂದು ದಿನದ ಪ್ರಯೋಗದಲ್ಲಿ ಎಚ್ಚತ್ತ ಮಗ್ಗವು ಮೂರು ತಿಂಗಳಿಗೆ ಅರಿವೆ ಕೊಡಲಿಲ್ಲ. ಕೂಗಿದ್ದಾಯಿತು; ಆದರೆ ಅವರ ಊಟದಲ್ಲಿ ಮೊದಲೇ ಸಾಕಷ್ಟು ಪ್ರೋಟೀನು ಇತ್ತು, ಕೂಗಿನಿಂದ ಹೆಚ್ಚಿನ ಲಾಭವೇನೂ ಉಳಿದಿರಲಿಲ್ಲ. 2015ರಲ್ಲಿ ಯುರೋಪಿನ ಇನ್ನೊಂದು ಪ್ರಯೋಗದಲ್ಲಿ, ಆಗಲೇ ಬಲಗುಂದಿದ 380 ವೃದ್ಧರಲ್ಲಿ ಕೆಲವರಿಗೆ ಹಾಲಿನ ತಿಳಿಯ ಪ್ರೋಟೀನಿಗೆ ಲ್ಯೂಸೀನನ್ನೂ ‘ಡಿ’ ಜೀವಸತ್ವವನ್ನೂ ಬೆರೆಸಿ 13 ವಾರ ಕೊಟ್ಟರು. ಕುರ್ಚಿಯಿಂದ ಏಳುವದು ತುಸು ಚುರುಕಾಯಿತು, ಸ್ನಾಯು ಸ್ವಲ್ಪ ಹೆಚ್ಚಿತು. ಕೈಹಿಡಿತದಲ್ಲಿ ಮಾತ್ರ ಇತರರಿಗಿಂತ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಎಂದರೆ, ಉಣಲಾರದವರಿಗೆ, ಜಡ್ಡಿನಿಂದ ಸೊರಗಿದವರಿಗೆ, ನುಂಗುವದೇ ಕಷ್ಟವಾದವರಿಗೆ ವೈದ್ಯರು ಹೇಳಿದರೆ ಇಂಥ ಪುಡಿ ಊರುಗೋಲಾಗಬಹುದು. ರೊಟ್ಟಿ, ಕಾಳು, ಮೊಸರು ಉಣಬಲ್ಲವರಿಗೆ ಅದು ದುಬಾರಿಯ ಹಾಲು. ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2024ರ ತನ್ನ ಮಾರ್ಗಸೂಚಿಯಲ್ಲಿ ಪ್ರೋಟೀನಿನ ಪುಡಿಗಳಿಂದ ದೂರವಿರಲು ಹೇಳಿದೆ. ಕೊಳ್ಳಲೇಬೇಕೆಂದರೆ ಡಬ್ಬಿಯ ಬೆನ್ನಿನ ಮೇಲಿನ ಸಣ್ಣಕ್ಷರಗಳನ್ನು ಓದಿರಿ: ನೂರು ಗ್ರಾಮಿನಲ್ಲಿ ಪ್ರೋಟೀನು ಎಷ್ಟು, ಸಕ್ಕರೆ ಎಷ್ಟು? ಪುಟಾಣಿಹಿಟ್ಟಿನಲ್ಲಿ ಇಪ್ಪತ್ತರ ಮೇಲಿದೆ. ಅದಕ್ಕಿಂತ ಕಡಿಮೆಯ ಪುಡಿಗೆ ಅಷ್ಟು ದುಡ್ಡೇಕೆ?

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮೂತ್ರಪಿಂಡದ ರೋಗವಿದ್ದವರಿಗೆ ಈ ಲೇಖನದ ಲೆಕ್ಕ ಅನ್ವಯಿಸುವದಿಲ್ಲ. ಬಿಚ್ಚಿದ ಪ್ರೋಟೀನಿನ ಕಸವನ್ನು ಹೊರಹಾಕುವ ಕೆಲಸ ಮೂತ್ರಪಿಂಡಗಳದು. ಅವು ದಣಿದಿದ್ದರೆ ಹೆಚ್ಚು ಪ್ರೋಟೀನು ಭಾರವಾದೀತು. ಸಕ್ಕರೆ ರೋಗ, ರಕ್ತದ ಒತ್ತಡ ಬಹಳ ವರ್ಷಗಳಿಂದ ಇದ್ದವರು ರಕ್ತ ಮತ್ತು ಮೂತ್ರದ ಪರೀಕ್ಷೆ ಮಾಡಿಸಿಕೊಂಡು ವೈದ್ಯರನ್ನು ಕೇಳಿಯೇ ಊಟವನ್ನು ಬದಲಿಸತಕ್ಕದ್ದು.

ಊಟದ ಮಾತು ಇಷ್ಟಾದರೂ ಅರ್ಧವೇ ಆಯಿತು. 1994ರಲ್ಲಿ ಅಮೇರಿಕೆಯ ಬಾಸ್ಟನ್ನಿನಲ್ಲಿ ವೃದ್ಧಾಶ್ರಮವೊಂದರ ನೂರು ಜನರ ಮೇಲೆ ನಡೆದ ಪ್ರಯೋಗವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿಯುತ್ತೇನೆ. ಅವರ ಸರಾಸರಿ ವಯಸ್ಸು 87. ಕೆಲವರಿಗೆ ಪೌಷ್ಟಿಕ ಪಾನೀಯ ಮಾತ್ರ, ಕೆಲವರಿಗೆ ಕಾಲಿಗೆ ಭಾರ ಕಟ್ಟಿ ಎತ್ತಿಸುವ ವ್ಯಾಯಾಮ ಮಾತ್ರ, ಕೆಲವರಿಗೆ ಎರಡೂ, ಕೆಲವರಿಗೆ ಯಾವುದೂ ಇಲ್ಲ. ಹತ್ತು ವಾರಗಳ ಮೇಲೆ ನೋಡಿದರೆ ವ್ಯಾಯಾಮ ಮಾಡಿದವರ ಕಾಲಿನ ಬಲ ಇಮ್ಮಡಿಗೂ ಮೀರಿ ಏರಿತ್ತು. ಪಾನೀಯ ಮಾತ್ರ ಕುಡಿದವರ ಬಲ ಇದ್ದಲ್ಲಿಯೇ ಇತ್ತು. ದುಡಿಯುವ ಸ್ನಾಯುವಿಗೆ ಮಾತ್ರ ಕಿವಿ ಚುರುಕು; ಕುಳಿತ ಸ್ನಾಯುವಿಗೆ ಎಷ್ಟು ನೂಲು ತಂದು ಸುರಿದರೂ ಅಷ್ಟೇ. ಕುಣಿಮಗ್ಗದಲ್ಲಿ ಕುಳಿತು ಎರಡೂ ಕಾಲಿನಿಂದ ಹಲಗೆ ತುಳಿಯುತ್ತಿದ್ದ ನಮ್ಮ ಹಿರಿಯ ನೇಕಾರರ ತೊಡೆಗಳು ಎಪ್ಪತ್ತಕ್ಕೂ ಗಟ್ಟಿಯಾಗಿರುತ್ತಿದ್ದುದು ಸೋಜಿಗವಲ್ಲ. ವಿದ್ಯುತ್ತಿನ ಮಗ್ಗ ಬಂದು ಬೆನ್ನಿನ ಶ್ರಮವನ್ನು ಉಳಿಸಿತು, ಅದು ಒಳ್ಳೆಯದೇ. ಕಾಲಿನ ವ್ಯಾಯಾಮವನ್ನು ಮಾತ್ರ ತೆಗೆದುಕೊಂಡು ಹೋಯಿತು.

ನಿಮ್ಮ ಮನೆಯ ಹಿರಿಯರನ್ನು ನೀವೇ ಪರೀಕ್ಷಿಸಬಹುದು. ಗೋಡೆಗೆ ಆನಿಸಿದ ಗಟ್ಟಿ ಕುರ್ಚಿಯ ಮೇಲೆ ಕೂಡ್ರಿಸಿರಿ. ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿಕೊಳ್ಳಲಿ. ಕೈ ಊರದೆ ಐದು ಸಲ ಎದ್ದು ಕೂಡ್ರಬೇಕು. ನೀವು ಪಕ್ಕದಲ್ಲಿ ನಿಂತಿರಿ. ಯುರೋಪಿನ ತಜ್ಞರು 2018ರಲ್ಲಿ ಪರಿಷ್ಕರಿಸಿದ ಸೂಚನೆಯಂತೆ, ಇದಕ್ಕೆ 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಸ್ನಾಯುವಿನ ಬಲ ಕುಂದಿದೆಯೆಂದು ತಿಳಿಯಬೇಕು. ಪರೀಕ್ಷೆಯೇ ವ್ಯಾಯಾಮವೂ ಹೌದು. ದಿನಕ್ಕೆ ಎರಡು ಸಲ, ಮೊದಲು ಕೈ ಊರಿ, ಆಮೇಲೆ ಕೈ ಬಿಟ್ಟು, ಐದರಿಂದ ಹತ್ತಕ್ಕೆ ಏರಿಸುತ್ತ ಹೋದರೆ ಸಾಕು. ಇದಕ್ಕೆ ದುಡ್ಡು ಬೇಕಿಲ್ಲ.

ಹಲ್ಲಿಲ್ಲವೆಂಬ ಅತ್ತೆಯವರ ಮಾತು ಮಾತ್ರ ತೆಗೆದುಹಾಕುವಂಥದಲ್ಲ. ಅದಕ್ಕೆ ಅಡುಗೆಮನೆಯಲ್ಲಿಯೇ ಉಪಾಯ ಹುಡುಕಿದೆವು. ಬಿಸಿ ರೊಟ್ಟಿಯನ್ನು ಮುರಿದು ಗಟ್ಟಿ ಬೇಳೆಯಲ್ಲಿ ನೆನೆಸುವದು. ಮೊಳಕೆ ಬಂದ ಮಡಿಕೆಕಾಳನ್ನು ಮೆತ್ತಗೆ ಬೇಯಿಸಿ ಸೌಟಿನ ಬೆನ್ನಿನಿಂದ ಒತ್ತಿ ಹಿಸುಕುವದು. ರಾತ್ರಿಗೆ ಕಡಲೆಹಿಟ್ಟಿನ ಮೆತ್ತನೆಯ ಝುಣಕ. ಮುಂಜಾನೆ ಒಂದು ಲೋಟ ಹಾಲಿನಲ್ಲಿ ಎರಡು ದೊಡ್ಡ ಚಮಚೆ ಪುಟಾಣಿಹಿಟ್ಟು ಕಲಸಿ ತುಸು ಬೆಲ್ಲ ಹಾಕಿ ಕುಡಿಯುವದು. ಶೇಂಗಾಹಿಂಡಿಯನ್ನು ಖಾರ ಕಡಿಮೆ ಮಾಡಿ ನುಣ್ಣಗೆ ಕುಟ್ಟಿ ಮೊಸರಿನಲ್ಲಿ ಕಲಸಿಕೊಟ್ಟರು. ತತ್ತಿ ತಿನ್ನುವವರಾಗಿದ್ದರೆ ಒಂದು ತತ್ತಿಯಿಂದಲೇ ಆರು ಗ್ರಾಂ ಬರುತ್ತಿತ್ತು. ಅತ್ತೆಯವರ ಮನೆಯಲ್ಲಿ ಅದು ನಡೆಯುವದಿಲ್ಲ. ಸಾರು ಬಡಿಸುವಾಗ ಸೌಟನ್ನು ತಳಕ್ಕೆ ಮುಟ್ಟಿಸಿ ಬಡಿಸಬೇಕೆಂದು ಸೊಸೆಗೆ ಹೇಳಿ ಬಂದೆ. ಡಬ್ಬಿಯನ್ನು ಹುಡುಗನ ಮನಸ್ಸಿಗೆ ನೋವಾಗದಂತೆ ಅವನಿಗೇ ಹಿಂದಕ್ಕೆ ಕೊಟ್ಟರು.

ಕಳೆದ ತಿಂಗಳು ಹೋದಾಗ ಅತ್ತೆಯವರು ಒಂದು ಕೈ ಗೋಡೆಗೆ ಹಿಡಿದು ಬಚ್ಚಲಿನ ಎರಡೂ ಮೆಟ್ಟಿಲನ್ನು ತಾವೇ ಇಳಿದರು. ನೆಲದಿಂದ ಏಳಲು ಇನ್ನೂ ಒಬ್ಬರ ಕೈ ಬೇಕು. ಕುರ್ಚಿಯಿಂದ ಮಾತ್ರ ಏಳು ಸಲ ಏಳುತ್ತಾರೆ. ಎಂಟನೆಯದಕ್ಕೆ, “ಸಾಕೋ ತಮ್ಮಾ, ಮೊದಲ ರೊಟ್ಟಿ ಹಾಕ್ಸು” ಎನ್ನುತ್ತಾರೆ.